ಆ ಮನೆಯ ಮಗುವಿನ ಹೆಸರು

ನನ್ನ ಹೆಸರನ್ನು ಆರಿಸಿದವಳು ಅವ್ವ. ಹೊಸಕೆರೆಹಳ್ಳಿಯ ನಮ್ಮ ಕೇರಿಯಲ್ಲಿ ಅದು ತಾಯಿಯಾದವಳ ಕೆಲಸವಾಗಿರಲಿಲ್ಲ. ಹುಟ್ಟಿದ್ದು ಹೆಣ್ಣಾದರೆ ಊರದೇವತೆಯ ಹೆಸರೋ ಸತ್ತ ಅಜ್ಜಿಯ ಹೆಸರೋ ಯಾರಾದರೂ ಹಿರಿಯರ ಬಾಯಿಂದ ಬರುತ್ತಿತ್ತು, ಉಳಿದವರು ಹೂಂ ಅನ್ನುತ್ತಿದ್ದರು. ಅವ್ವ ಹೂಂ ಅನ್ನಲಿಲ್ಲ. ನಾನು ಹೊಟ್ಟೆಯಲ್ಲಿದ್ದಾಗಲೇ ಅಪ್ಪ ಜ್ವರ ಬಂದು ತೀರಿಕೊಂಡಿದ್ದ. ತವರಿನವರ ಜಗಲಿಯ ಮೇಲೆ ನನ್ನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅವಳು, ಕೇರಿಯಲ್ಲಿ ಯಾರೂ ಕೇಳದ ಒಂದು ಹೆಸರನ್ನು ಹೇಳಿದಳಂತೆ. ಅಜ್ಜಿಗೆ ಅದು ನಾಲಿಗೆಯ ಮೇಲೆ ಹೊರಳಲೇ ಇಲ್ಲ. ‘ಇದೆಂಥ ಯೆಸ್ರೇ, ಕರಿಯೋದ್ರೊಳಗೆ ಮಗ ಊರು ಬುಟ್ಟೋಗಿರ್ತದೆ’ ಅಂದಳಂತೆ. ಅವ್ವ ಹಟ ಬಿಡಲಿಲ್ಲ.

ಆ ಹೆಸರು ಅವ್ವನಿಗೆ ಸಿಕ್ಕಿದ್ದು ಜಯನಗರದ ಒಂದು ಮನೆಯಲ್ಲಿ. ಮದುವೆಯಾದ ವರ್ಷದಿಂದಲೇ ಅವಳು ಅಲ್ಲಿ ಪಾತ್ರೆ ತೊಳೆದು, ಬಟ್ಟೆ ಒಗೆದು, ಮನೆ ಗುಡಿಸಿ ಒರೆಸುವ ಕೆಲಸಕ್ಕಿದ್ದಳು. ಹೊಸಕೆರೆಹಳ್ಳಿಯಿಂದ ಕತ್ತರಿಗುಪ್ಪೆಯ ಹೊಲಗಳನ್ನು ದಾಟಿ, ಬನಶಂಕರಿಯ ಕಡೆಯಿಂದ ನಡೆದೇ ಹೋಗುತ್ತಿದ್ದಳು. ಆ ಮನೆಯಲ್ಲಿ ಎರಡು ವರ್ಷದ ಒಂದು ಹೆಣ್ಣುಮಗುವಿತ್ತು. ಅದರ ಹೆಸರನ್ನೇ ಅವ್ವ ನನಗಿಟ್ಟಳು. ಯಾಕೆ ಎಂದು ದೊಡ್ಡವಳಾದ ಮೇಲೆ ಒಮ್ಮೆ ಕೇಳಿದ್ದೆ. ‘ಆ ಮನೇಲಿ ಆ ಯೆಸ್ರು ಕೂಗುದ್ರು ಅಂದ್ರೆ ಊಟಕ್ಕೆ ಕೂಗೋರು, ಇಲ್ಲಾ ತಲೆ ಬಾಚೋಕೆ. ನನ್ನ ಯೆಸ್ರು ಕೂಗುದ್ರೆ ಕೆಲ್ಸಕ್ಕೇಯ’ ಅಂದಳು. ಇಷ್ಟೇ ಕಾರಣ. ಕದಿಯಬೇಕು ಅಂತ ಅವಳಿಗೆ ಅನ್ನಿಸಿರಲಿಲ್ಲ. ಹೆಸರನ್ನು ಕದಿಯಬಹುದು ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

ನನಗೆ ನಾಲ್ಕು ವರ್ಷವಾಗುವವರೆಗೆ ಅಜ್ಜಿ ನನ್ನನ್ನು ನೋಡಿಕೊಂಡಳು. ಅಜ್ಜಿ ಹೋದ ಮೇಲೆ ಅವ್ವ ನನ್ನನ್ನೂ ಕೆಲಸದ ಮನೆಗೆ ಕರೆದುಕೊಂಡು ಹೋಗತೊಡಗಿದಳು. ಮೊದಲ ದಿನ ನನ್ನನ್ನು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂರಿಸಿ, ಅಲ್ಲಾಡಬೇಡ ಎಂದು ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಒಳಗಿಂದ ಅಮ್ಮಾವ್ರು ನನ್ನ ಹೆಸರು ಹಿಡಿದು ‘ಬಾ ಪುಟ್ಟಾ, ಹಾಲು ಆರಿ ಹೋಗುತ್ತೆ’ ಎಂದು ಕೂಗಿದರು. ನಾನು ಎದ್ದು ಓಡಿದೆ. ಅಡುಗೆಮನೆಯ ಹಿಂಬಾಗಿಲಲ್ಲಿ ನಾನು ನಿಂತೆ, ಒಳಬಾಗಿಲಲ್ಲಿ ಬಿಳಿ ಸಾಕ್ಸು ಹಾಕಿಕೊಂಡ ಒಬ್ಬ ಹುಡುಗಿ ಬಂದು ನಿಂತಳು. ಮಧ್ಯೆ ಅಮ್ಮಾವ್ರು ಲೋಟ ಹಿಡಿದುಕೊಂಡಿದ್ದರು.

‘ನಿನ್ನ ಯಾರು ಕರೆದ್ರು?’ ಎಂದು ಅವರು ನನ್ನನ್ನು ಕೇಳಿದರು.

ನೀವೇ ಕರೆದಿರಿ ಎಂದು ಹೇಳಿ ನಾನು ನನ್ನ ಹೆಸರು ಹೇಳಿದೆ.

ಅವರು ಲೋಟವನ್ನು ಮಗಳ ಕೈಗೆ ಕೊಟ್ಟು, ಅವ್ವನನ್ನು ಕರೆದರು. ಅವ್ವ ಒರೆಸುವ ಬಟ್ಟೆ ಹಿಡಿದುಕೊಂಡೇ ಬಂದಳು.

‘ಏನೇ, ನಿನ್ನ ಮಗಳಿಗೆ ನಮ್ಮ ಮಗೂ ಹೆಸರು ಇಟ್ಟಿದೀಯಾ?’

‘ಚಂದಾಗಿತ್ತು ಅಂತ ಮಡಗ್ದೆ ಅಮ್ಮಾವ್ರೇ.’ ಅವ್ವನ ಮುಖದಲ್ಲಿ ನಗುವಿತ್ತು. ಅವರಿಗೆ ಸಂತೋಷವಾಗುತ್ತದೆ ಎಂದು ಅವಳು ನಂಬಿದ್ದಳು ಎಂದು ಕಾಣುತ್ತದೆ. ನಾಲ್ಕು ವರ್ಷ ಆ ವಿಷಯ ಹೇಳದೆ ಉಳಿದದ್ದು ಹೆದರಿಕೆಯಿಂದಲೋ ನಾಚಿಕೆಯಿಂದಲೋ ನನಗೆ ತಿಳಿಯದು.

‘ಚೆನ್ನಾಗಿದ್ರೆ ತಗೊಂಡ್ಬಿಡೋದಾ? ನಾವು ಎಷ್ಟು ಜನರನ್ನ ಕೇಳಿ, ಜಾತಕ ನೋಡಿಸಿ ಇಟ್ಟ ಹೆಸರು ಗೊತ್ತಾ ಅದು? ನಿಮ್ಮಲ್ಲಿ ಇಡೋ ಹೆಸರುಗಳು ಇಲ್ವಾ?’

ಅಂದಿನಿಂದ ಆ ಮನೆಯಲ್ಲಿ ನನ್ನನ್ನು ಆ ಹೆಸರಿನಿಂದ ಯಾರೂ ಕರೆಯಬಾರದು ಎಂದಾಯಿತು. ಅವ್ವ ಕೂಡ ಅಲ್ಲಿದ್ದಷ್ಟು ಹೊತ್ತು ‘ಏ ಮಗ’ ಎಂದೇ ಕರೆಯುತ್ತಿದ್ದಳು. ಕೆಲವು ದಿನ ನಾನು ‘ಏ ಹುಡುಗಿ’ಯಾಗಿದ್ದೆ. ಆಮೇಲೆ ಒಂದು ದಿನ ಅಮ್ಮಾವ್ರು ‘ನಿಮ್ಮೂರ ದೇವರ ಹೆಸರೇನೇ?’ ಎಂದು ಅವ್ವನನ್ನು ಕೇಳಿ ತಿಳಿದುಕೊಂಡು, ಆ ಹೆಸರನ್ನೇ ನನಗೆ ಕೊಟ್ಟರು.

ಅವರು ಕೆಟ್ಟವರಾಗಿರಲಿಲ್ಲ, ಇದನ್ನೂ ಬರೆಯಬೇಕು. ಮಗಳ ಫ್ರಾಕುಗಳು ಗಿಡ್ಡವಾದಾಗ ಇಸ್ತ್ರಿ ಮಾಡಿ ನನಗೆ ಕೊಡುತ್ತಿದ್ದರು. ನನಗೆ ಕಜ್ಜಿಯಾದಾಗ ತಾವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಮಧ್ಯಾಹ್ನ ಅವ್ವ ಬಟ್ಟೆ ಒಗೆಯುವಾಗ ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿಕೊಂಡು ನನಗೆ ಅಕ್ಷರ ಹೇಳಿಕೊಟ್ಟವರೂ ಅವರೇ. ಸ್ಲೇಟಿನ ಮೇಲೆ ಮೊಟ್ಟಮೊದಲು ನಾನು ಬರೆದ ಪದ ಅವರು ಕೊಟ್ಟ ಹೆಸರು. ಚೆನ್ನಾಗಿ ಬರೆದಿದ್ದೀಯ ಎಂದು ಬೆನ್ನು ತಟ್ಟಿದರು. ಆ ಕೈ ಬೆಚ್ಚಗಿತ್ತು. ಅವರನ್ನು ಪೂರ್ತಿಯಾಗಿ ದ್ವೇಷಿಸಲು ಆಗದಂತೆ ಮಾಡಿದ್ದಕ್ಕೂ ನನಗೆ ಅವರ ಮೇಲೆ ಸಿಟ್ಟಿದೆ.

ಆರು ವರ್ಷವಾದಾಗ ನನ್ನನ್ನು ಜಯನಗರದಲ್ಲೇ ಶಾಲೆಗೆ ಸೇರಿಸಿದರು. ಅದೂ ಅವರ ದಯೆಯೇ. ನಮ್ಮೂರ ಶಾಲೆಯಲ್ಲಿ ಆಗ ಒಬ್ಬರೇ ಮೇಷ್ಟರು, ಅವರೂ ವಾರಕ್ಕೆ ಮೂರು ದಿನ ಬಂದರೆ ಹೆಚ್ಚು. ಆ ಮನೆಯ ಯಜಮಾನರು ದೊಡ್ಡ ಕಚೇರಿಯಲ್ಲಿ ಅಧಿಕಾರಿ. ಅವರೇ ಶಾಲೆಗೆ ಬಂದು ಅರ್ಜಿ ತುಂಬಿದರು, ಪೋಷಕರು ಎನ್ನುವ ಜಾಗದಲ್ಲಿ ತಮ್ಮ ಸಹಿ ಹಾಕಿದರು. ಅವ್ವ ಅವರು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದು ಸೆರಗಿನ ತುದಿಗೆ ಉಗುಳು ಹಚ್ಚಿ ಬೆರಳಿನ ಮಸಿ ಒರೆಸಿಕೊಳ್ಳುತ್ತಾ, ‘ಇನ್ನು ನೀನು ಇಸ್ಕೂಲೋಳು ಕಣವ್ವ’ ಎಂದು ನನ್ನ ಹೆಸರು ಹಿಡಿದು ಕರೆದಳು.

ಮೊದಲ ದಿನ ಹಾಜರಿ ಕೂಗುವಾಗ ನನ್ನ ಹೆಸರು ಬರಲೇ ಇಲ್ಲ. ಎಲ್ಲ ಮುಗಿದ ಮೇಲೆ ಟೀಚರು ಒಂದು ಹೆಸರನ್ನು ಮೂರು ಸಲ ಕೂಗಿದರು. ಜಯನಗರದ ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದ ಹೆಸರು ಅದು. ಅದು ಆ ಮನೆಗೆ ಮಾತ್ರ ಸೇರಿದ್ದು ಎಂದು ತಿಳಿದಿದ್ದ ನಾನು ಸುಮ್ಮನೆ ಕೂತಿದ್ದೆ. ಕೊನೆಗೆ ಅವರು ತಲೆ ಎಣಿಸಿ, ನನ್ನ ಹತ್ತಿರ ಬಂದು ನಿಂತರು.

‘ನಿನ್ನ ಹೆಸರೇನು?’

ಹೇಳಿದೆ.

‘ಆ ಹೆಸರಿನೋರು ಈ ಕ್ಲಾಸಲ್ಲಿ ಇಲ್ಲ. ನೀನು ಯಾರ ಮಗು? ಬೇರೆ ಕ್ಲಾಸಿಂದ ಬಂದಿದೀಯಾ?’

ಅದೇ ನನ್ನ ಹೆಸರು ಎಂದೆ. ಸುಳ್ಳು ಹೇಳಬಾರದು ಎಂದರು. ಸುಳ್ಳಲ್ಲ ಎಂದೆ. ಬಾಗಿಲ ಹೊರಗೆ ನಿಲ್ಲಿಸಿದರು. ಮಧ್ಯಾಹ್ನದ ಗಂಟೆ ಹೊಡೆಯುವವರೆಗೂ ನಾನು ಅಲ್ಲೇ ಇದ್ದೆ. ಎರಡು ತರಗತಿ ಮೇಲಿದ್ದ ಆ ಮನೆಯ ಹುಡುಗಿ ನೀರು ಕುಡಿಯಲು ಹೋಗುವಾಗ ನನ್ನನ್ನು ನೋಡಿ ಕೈಬೀಸಿದಳು. ಅವಳ ಗೆಳತಿ ಅವಳನ್ನು ಕರೆದ ಹೆಸರು ಕೇಳಿ ನಾನು ಆ ಕಡೆ ತಿರುಗಿದ್ದು ಇಂದಿಗೂ ನೆನಪಿದೆ.

ಸಂಜೆ ದಾರಿಯಲ್ಲಿ ಅವ್ವನಿಗೆ ಹೇಳಿದೆ. ಅವಳು ನಡೆಯುವುದನ್ನು ನಿಲ್ಲಿಸಿದಳು. ಮರುದಿನ ಬೆಳಿಗ್ಗೆ ಅಮ್ಮಾವ್ರು ಕಾಫಿ ಕುಡಿಯುತ್ತಿದ್ದಾಗ ಪೊರಕೆಯನ್ನು ಗೋಡೆಗೆ ಒರಗಿಸಿ ಅವರ ಮುಂದೆ ನಿಂತಳು.

‘ಇಸ್ಕೂಲಲ್ಲೂ ಆ ಯೆಸ್ರೇ ಬರ್ಸವ್ರಂತೆ ಅಮ್ಮಾವ್ರೇ.’

‘ಹೌದು ಕಣೆ. ಒಂದೇ ಸ್ಕೂಲಲ್ಲಿ ಇಬ್ರಿಗೂ ಒಂದೇ ಹೆಸರಿದ್ರೆ ಎಷ್ಟು ಗೊಂದಲ. ನಾಳೆ ಮಾರ್ಕ್ಸ್ ಅದಲುಬದಲಾದ್ರೆ? ಅವಳ ಒಳ್ಳೇದಕ್ಕೇ ನಮ್ಮೆಜಮಾನ್ರು ಯೋಚನೆ ಮಾಡಿ ಬರೆಸಿರೋದು. ಅದೇನು ಕೆಟ್ಟ ಹೆಸರಾ? ದೇವರ ಹೆಸರಲ್ವಾ?’

ನಾನು ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ಹಿಂಬಾಗಿಲಲ್ಲಿ ನಿಂತಿದ್ದೆ. ಅವ್ವ ಏನಾದರೂ ಹೇಳುತ್ತಾಳೆ ಎಂದು ಕಾದೆ. ಅವಳು ಪೊರಕೆ ಎತ್ತಿಕೊಂಡು, ಅಮ್ಮಾವ್ರ ಕಾಲ ಕೆಳಗಿನಿಂದಲೇ ಗುಡಿಸಲು ಶುರುಮಾಡಿದಳು. ಅವರು ಕಾಲು ಎತ್ತಿ ದಾರಿ ಕೊಟ್ಟರು.

ಆಮೇಲೆ ಅವ್ವ ನನಗೊಂದು ಒಪ್ಪಂದ ಹೇಳಿದಳು. ‘ಇಸ್ಕೂಲಲ್ಲಿ ಆ ಯೆಸ್ರಿಗೆ ಹೂಂ ಅನ್ನು. ಮನೇಲಿ ನಾನು ಕರಿತೀನಲ್ಲ.’ ಹಾಗೆಯೇ ನಡೆಯಿತು. ಹಗಲೆಲ್ಲ ಒಂದು ಹೆಸರು, ಮನೆಗೆ ಬಂದ ಮೇಲೆ ಇನ್ನೊಂದು. ಶಾಲೆಯಲ್ಲಿ ಹುಡುಗಿಯರು ನನ್ನನ್ನು ‘ಅಜ್ಜಿ’ ಎನ್ನುತ್ತಿದ್ದರು, ಅಷ್ಟು ಹಳೆಯ ಹೆಸರು ಅದು. ಆ ದೇವಿಯ ಮೇಲೆ ನನಗೆ ಕೋಪವಿರಬೇಕಾದ ಕಾರಣವಿಲ್ಲ. ನಮ್ಮ ಕೇರಿಯ ಅರ್ಧ ಹೆಂಗಸರು ಆ ಹೆಸರು ಹೊತ್ತು ಚೆನ್ನಾಗಿಯೇ ಬಾಳಿದರು. ಅಜ್ಜಿ ಅದನ್ನೇ ಇಟ್ಟಿದ್ದರೆ ನಾನೂ ಖುಷಿಯಾಗಿರುತ್ತಿದ್ದೆನೋ ಏನೋ. ಆದರೆ ‘ನಿನಗೆ ಇಷ್ಟು ಸಾಕು’ ಎಂದು ಅಳೆದು ಕೊಟ್ಟಾಗ ನಮ್ಮ ದೇವಿಯ ಹೆಸರೂ ಗಿಡ್ಡವಾದ ಫ್ರಾಕಿನ ಹಾಗೆ ಆಯಿತು.

ಹತ್ತನೇ ತರಗತಿಯಲ್ಲಿ, ಪರೀಕ್ಷೆಯ ಅರ್ಜಿ ಕಳಿಸುವ ಮುಂಚೆ, ಹೆಡ್‌ಮಿಸ್ಸು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ‘ಹೆಸರು, ಹುಟ್ಟಿದ ತಾರೀಕು ಏನಾದ್ರೂ ತಿದ್ದೋದಿದ್ರೆ ಈಗಲೇ ಹೇಳಿ. ಮಾರ್ಕ್ಸ್ ಕಾರ್ಡ್ ಪ್ರಿಂಟಾದ ಮೇಲೆ ಬ್ರಹ್ಮನೂ ತಿದ್ದಕ್ಕಾಗಲ್ಲ’ ಎಂದರು. ಆ ವರ್ಷವೆಲ್ಲ ನಾನು ಅದಕ್ಕೇ ಕಾಯುತ್ತಿದ್ದೆ. ಎಲ್ಲರೂ ಹೋದ ಮೇಲೆ ಅವರ ಕೋಣೆಗೆ ಹೋಗಿ ಹೇಳಿದೆ. ಅವರು ಹಳೆಯ ಅರ್ಜಿ ತೆಗೆಸಿ ನೋಡಿದರು.

‘ನಿಮ್ಮಮ್ಮಂದು ಹೆಬ್ಬೆಟ್ಟು ಅಷ್ಟೇ ಇದೆ. ಪೋಷಕರು ಅಂತ ಸಹಿ ಮಾಡಿದಾರಲ್ಲ, ಅವರ ಹತ್ರ ಒಂದು ಲೆಟರ್ ತಗೊಂಬಾ. ಇದು ತಪ್ಪಾಗಿ ಬರೆದಿದ್ದು ಅಂತ ಎರಡು ಸಾಲು ಬರೆದುಕೊಟ್ರೆ ಸಾಕು, ನಾನು ಬದಲಾಯಿಸ್ತೀನಿ.’

ಎರಡು ಸಾಲು. ಅವ್ವನಿಗೆ ಹೇಳದೆ ಆ ಭಾನುವಾರ ನಾನೇ ಹೋದೆ. ಯಜಮಾನರು ಮುಂದಿನ ವರಾಂಡದಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಅಷ್ಟು ವರ್ಷಗಳಲ್ಲಿ ನಾನು ಆ ಮನೆಯ ಮುಂಬಾಗಿಲಿಗೆ ಬಂದದ್ದು ಅದೇ ಮೊದಲು. ವಿಷಯ ಹೇಳಿ, ಶಾಲೆಯಲ್ಲೇ ಬರೆದಿಟ್ಟುಕೊಂಡಿದ್ದ ಕಾಗದವನ್ನು ಮುಂದಿಟ್ಟೆ. ಅವರು ಅದನ್ನು ಎರಡು ಸಲ ಓದಿದರು.

‘ಅಕ್ಷರ ಚೆನ್ನಾಗಿದೆ’ ಎಂದರು.

ನಾನು ಪೆನ್ನು ಮುಂದೆ ಚಾಚಿದೆ.

‘ನೋಡಮ್ಮಾ, ಇದರಲ್ಲಿ ತಪ್ಪಾಗಿ ಬರೆದಿದ್ದು ಅಂತಿದೆ. ನಾನು ತಪ್ಪಾಗಿ ಬರೆದಿಲ್ಲ. ಗೊತ್ತಿದ್ದೇ ಬರೆದಿದ್ದು. ಸುಳ್ಳಿಗೆ ನಾನು ಹೇಗೆ ಸಹಿ ಮಾಡಲಿ?’

‘ಸಾರ್, ಹಂಗಾದ್ರೆ ನಿಜಾನೇ ಬರ್ಕೊಡಿ ಸಾರ್. ಗೊತ್ತಿದ್ದೇ ಬೇರೆ ಹೆಸರು ಬರೆಸಿದೆ ಅಂತ.’

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಸಿಟ್ಟು ಬಂದಿರಲಿಲ್ಲ, ಆಶ್ಚರ್ಯವಾಗಿತ್ತು. ‘ಹತ್ತು ವರ್ಷ ಓದಿಸಿದ್ದಕ್ಕೆ ಮಾತು ಕಲ್ತಿದೀಯ’ ಎಂದರು. ‘ಈ ವಯಸ್ಸಲ್ಲಿ ಇಂಥ ಹುಚ್ಚೆಲ್ಲ ಇರುತ್ತೆ. ಪರೀಕ್ಷೆ ಕಡೆ ಗಮನ ಕೊಡು. ಒಳಗೆ ಹೋಗು, ತಿಂಡಿ ತಿಂದು ಹೋಗು.’ ಕಾಗದವನ್ನು ನೀಟಾಗಿ ಮಡಚಿ ನನ್ನ ಕೈಗೇ ವಾಪಸು ಕೊಟ್ಟರು.

ಒಳಗೆ ಅಡುಗೆಮನೆಯ ಹಿಂದೆ ಅವ್ವ ಪಾತ್ರೆ ತೊಳೆಯುತ್ತಿದ್ದಳು. ನಾನು ಮಾತಾಡುತ್ತಿದ್ದಷ್ಟು ಹೊತ್ತೂ ಪಾತ್ರೆಯ ಸದ್ದು ನಿಂತಿತ್ತು, ಅದು ನನಗೆ ಗೊತ್ತಾಗಿತ್ತು. ಅವರು ಕಾಗದ ವಾಪಸು ಕೊಟ್ಟ ಮೇಲೆ ಸದ್ದು ಮತ್ತೆ ಶುರುವಾಯಿತು. ನಾನು ಹಿತ್ತಲಿಗೆ ಹೋಗದೆ ಗೇಟು ತೆಗೆದು ಹೊರಟೆ. ಅಂದು ಸಂಜೆ ಅವ್ವ ನನ್ನ ಹೆಸರು ಹಿಡಿದು ಊಟಕ್ಕೆ ಕರೆದಾಗ ನಾನು, ‘ಹಂಗೆ ಕರೀಬೇಡ. ನಿನಗೂ ಆ ಹೆಸರಿಗೂ ಏನು ಸಂಬಂಧ? ಅದನ್ನ ಉಳಿಸಿಕೊಳ್ಳೋಕೆ ಒಂದು ಮಾತು ಆಡಿದೀಯಾ?’ ಎಂದೆ. ಅವಳು ತಟ್ಟೆ ಮುಂದಿಟ್ಟಳು. ಆಮೇಲೆ ಎಷ್ಟೋ ತಿಂಗಳು ಅವಳು ನನ್ನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ‘ಮಗಾ, ಏಳು’, ‘ಮಗಾ, ಉಣ್ಣು’. ಅಷ್ಟೇ. ಅದನ್ನು ನೆನೆದರೆ ನನಗೆ ನನ್ನ ಮೇಲೂ ಕಹಿಯಾಗುತ್ತದೆ.

ಪರೀಕ್ಷೆ ಪಾಸಾದೆ. ಟೈಪಿಂಗ್ ಕಲಿತು ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಹಿಡಿದೆ. ಮಾರ್ಕ್ಸ್ ಕಾರ್ಡಿನ ಹೆಸರೇ ಅಲ್ಲಿಯೂ. ಅವ್ವನಿಗೆ ಆ ಮನೆಯ ಕೆಲಸ ಬಿಡು ಎಂದು ಎಷ್ಟು ಹೇಳಿದರೂ ಬಿಡಲಿಲ್ಲ. ‘ಮಗೀಗೆ ಗಂಡು ಗೊತ್ತಾಗದೆ. ಮದ್ವೆ ಒಂದು ಮುಗೀಲಿ’ ಅಂದಳು. ಮಗು ಎಂದರೆ ಆ ಮನೆಯ ಮಗಳು. ತಾನು ಎತ್ತಿ ಆಡಿಸಿದ್ದ ಮಗು ಎಂಬ ಅಕ್ಕರೆ ಅವಳಿಗೆ.

ಮದುವೆ ಜಯನಗರದ ಒಂದು ಛತ್ರದಲ್ಲಿ ನಡೆಯಿತು. ಅವ್ವನಿಗೆ ಆಗ ಮಂಡಿನೋವು ಶುರುವಾಗಿದ್ದರಿಂದ ನಾನು ರಜೆ ಹಾಕಿ ಅವಳ ಜೊತೆ ಹೋದೆ. ಧಾರೆ ಆಯಿತು, ಸಪ್ತಪದಿ ಆಯಿತು. ನಾವಿಬ್ಬರೂ ಹಿಂದೆ ಕಂಬದ ಪಕ್ಕ ನಿಂತಿದ್ದೆವು. ಆಮೇಲೆ ಗಂಡಿನ ಕಡೆಯ ಹೆಂಗಸೊಬ್ಬರು ಬೆಳ್ಳಿತಟ್ಟೆಯಲ್ಲಿ ಅಕ್ಕಿ ಹರಡಿ ತಂದಿಟ್ಟರು. ಹುಡುಗ ಉಂಗುರ ಹಿಡಿದು ಅಕ್ಕಿಯ ಮೇಲೆ ಏನೋ ಬರೆದ. ಸುತ್ತ ನಿಂತವರು ಬಗ್ಗಿ ನೋಡಿ ನಕ್ಕರು, ಚಪ್ಪಾಳೆ ತಟ್ಟಿದರು. ಪುರೋಹಿತರು ಹೊಸ ಹೆಸರನ್ನು ಗಟ್ಟಿಯಾಗಿ ಹೇಳಿದರು. ಇನ್ನು ಮುಂದೆ ಹುಡುಗಿಗೆ ಅದೇ ಹೆಸರು. ಗಂಡನ ಮನೆಯಲ್ಲಿ ಅವಳದೇ ಹೆಸರಿನ ಇನ್ನೊಬ್ಬರಿದ್ದಾರಂತೆ, ಗೊಂದಲವಾಗುತ್ತದೆ ಎಂದು ಬದಲಾಯಿಸಿದರಂತೆ. ಹುಡುಗಿ ತಟ್ಟೆಯನ್ನೇ ನೋಡುತ್ತಿದ್ದಳು. ಅಮ್ಮಾವ್ರು ರೇಷ್ಮೆ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಾ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು. ‘ಎಷ್ಟು ಮುದ್ದಾಗಿದೆ ಹೊಸ ಹೆಸರು’ ಎಂದು ಬೀಗಿತ್ತಿಗೆ ಹೇಳುತ್ತಿದ್ದುದು ನಮಗೂ ಕೇಳಿಸಿತು.

ಊಟದ ಹೊತ್ತಿಗೆ ಅವರು ಒಳಕೋಣೆಗೆ ಬಂದಾಗ ಅವ್ವ ಅವರ ಮುಂದೆ ಹೋಗಿ ನಿಂತಳು.

‘ಅಮ್ಮಾವ್ರೇ, ಮಗೀಗೆ ಈಗ ಬ್ಯಾರೆ ಯೆಸ್ರು ಆಯ್ತಲ್ಲ. ಆ ಯೆಸ್ರು ಖಾಲಿ ಅದೆ. ಈಗ್ಲಾದ್ರೂ ನನ್ನ ಮಗೀಗೆ ಕೊಡಿ.’

ಅಮ್ಮಾವ್ರು ನಕ್ಕರು. ‘ಏನೇ ಇದು, ಮದುವೆ ಮನೇಲಿ ತಮಾಷೆ?’

‘ತಮಾಷೆ ಅಲ್ಲ.’

ಅವರ ನಗು ಇಳಿಯಿತು. ಪಕ್ಕದಲ್ಲಿದ್ದ ನೆಂಟರೊಬ್ಬರು ಏನಂತೆ ಎಂದು ಕೇಳಿದರು. ‘ಏನಿಲ್ಲ, ಪಾಪ, ವಯಸ್ಸಾಯ್ತು ಅವಳಿಗೆ’ ಎಂದು ಹೇಳಿ ಅಮ್ಮಾವ್ರು ಹೊರಗೆ ಹೋದರು. ಅವ್ವನಿಗೆ ಆಗ ನಲವತ್ತೂ ತುಂಬಿರಲಿಲ್ಲ. ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ, ಕೈ ತೊಳೆದುಕೊಂಡು, ಊಟ ಮಾಡದೆ ಹೊರಟಳು. ಮತ್ತೆ ಆ ಮನೆಗೆ ಕಾಲಿಡಲಿಲ್ಲ.

ನಾನು ಹೆಮ್ಮೆಪಡಬೇಕಿತ್ತು. ದಾರಿಯಲ್ಲಿ ಅವಳಿಗೆ ಹೇಳಿದ್ದು ಬೇರೆ. ‘ಇದನ್ನ ನಾನು ಒಂದನೇ ಕ್ಲಾಸಲ್ಲಿದ್ದಾಗ ಕೇಳಿದ್ರೆ ಏನಾಗ್ತಿತ್ತು?’

‘ಕೇಳಿದ್ರೆ ನೀನು ಎರಡನೇ ಕ್ಲಾಸಿಗೆ ಓಯ್ತಿರ್ಲಿಲ್ಲ’ ಎಂದಳು. ಕುಂಟುತ್ತಾ ನನಗಿಂತ ಮುಂದೆ ನಡೆದಳು.

ಅವಳು ಕೇಳಿಬಿಟ್ಟ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಮುಂದಿನ ತಿಂಗಳು ಕೋರ್ಟಿನ ಹತ್ತಿರ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದ ಒಬ್ಬರ ಬಳಿ ಹೋದೆ. ಹೆಸರು ಬದಲಾವಣೆಗೆ ಅಫಿಡವಿಟ್ ಮಾಡಿಸಬೇಕು ಎಂದೆ. ಅವರು ದಾಖಲೆಗಳನ್ನು ನೋಡಿದರು.

‘ಅಫಿಡವಿಟ್ ಮಾಡ್ಬೋದು ಮೇಡಂ, ಪೇಪರಲ್ಲೂ ಹಾಕಿಸ್ಬೋದು. ಆದ್ರೆ ಮಾರ್ಕ್ಸ್ ಕಾರ್ಡು, ಸರ್ವಿಸ್ ಪುಸ್ತಕ ಎಲ್ಲ ಹಳೇದೇ ಇರುತ್ತಲ್ಲ. ಎಲ್ಲಾ ಕಡೆ ಆ ಹೆಸರು ಉರುಫ್ ಈ ಹೆಸರು ಅಂತ ಬರ್ಕೋಬೇಕಾಗುತ್ತೆ.’

‘ನನ್ನ ನಿಜವಾದ ಹೆಸರು ಮೊದಲು ಹಾಕಿ, ಅದನ್ನ ಉರುಫ್ ಅಂತ ಹಾಕಕ್ಕಾಗಲ್ವಾ?’

‘ದಾಖಲೆಯಲ್ಲಿರೋದೇ ನಿಜವಾದ ಹೆಸರು ಮೇಡಂ.’

ಅವರು ಕುಹಕದಿಂದ ಹೇಳಲಿಲ್ಲ. ಕಾಗದ ಏರಿಸಿ, ಟೈಪ್ ಮಾಡಲೇ ಎಂದು ನನ್ನ ಮುಖ ನೋಡಿದರು. ಉರುಫ್ ಎಂಬ ಪದವನ್ನು ನಾನು ಅಲ್ಲಿಯವರೆಗೆ ನೋಡಿದ್ದು ಪೇಪರಿನಲ್ಲಿ, ಸಿಕ್ಕಿಬಿದ್ದ ಕಳ್ಳರ ಸುದ್ದಿಯಲ್ಲಿ ಮಾತ್ರ. ಬೇಡ ಎಂದು ಎದ್ದು ಬಂದೆ.

ಎಂಬತ್ತರ ದಶಕದ ಕೊನೆಯಲ್ಲಿ ಒಂದು ಸಂಜೆ ಕಚೇರಿ ಬಿಟ್ಟು ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ತರಕಾರಿ ಕೊಳ್ಳುತ್ತಿದ್ದೆ. ಯಾರೋ ಹಿಂದಿನಿಂದ ನನ್ನನ್ನು ದಾಖಲೆಯ ಹೆಸರಿನಿಂದ ಕರೆದರು. ಆ ಮನೆಯ ಮಗಳು. ಸೊಂಟದ ಮೇಲೆ ಒಂದು ಮಗು, ಕೈಹಿಡಿದ ಇನ್ನೊಂದು. ದಪ್ಪವಾಗಿದ್ದಳು, ಕಣ್ಣಿನ ಸುತ್ತ ಕಪ್ಪಾಗಿತ್ತು. ನನ್ನನ್ನು ನೋಡಿ ನಿಜವಾಗಿಯೂ ಸಂತೋಷಪಟ್ಟಳು. ಗಂಡನ ಮನೆ ಜೆ.ಪಿ. ನಗರದಲ್ಲೇ ಎಂದಳು. ನಾನು ಅಭ್ಯಾಸಬಲದಿಂದ ಅವಳನ್ನು ಹಳೆಯ ಹೆಸರಿನಿಂದಲೇ ಮಾತಾಡಿಸಿದೆ.

‘ಅಯ್ಯೋ, ಹಂಗೆ ಕರೆಯೋರೇ ಯಾರೂ ಇಲ್ಲ ಈಗ’ ಎಂದಳು. ‘ಅಮ್ಮನೂ ಹೊಸ ಹೆಸರೇ ಕರೀತಾರೆ. ನಂಗಂತೂ ಎರಡು ವರ್ಷ ಬೇಕಾಯ್ತು, ಯಾರಾದ್ರೂ ಕರೆದ್ರೆ ತಿರುಗಿ ನೋಡೋಕೆ.’

ನನಗೆ ಏನಾಯಿತೋ, ಬದನೆಕಾಯಿ ಬುಟ್ಟಿಯ ಮುಂದೆ ನಿಂತು ಅವಳಿಗೆ ಎಲ್ಲವನ್ನೂ ಹೇಳಿದೆ. ಅದೇ ನನ್ನ ಹೆಸರೂ ಆಗಿತ್ತು ಎಂದೆ. ಶಾಲೆಯ ಅರ್ಜಿ, ಅವಳ ಅಪ್ಪ ವಾಪಸು ಕೊಟ್ಟ ಕಾಗದ, ಎಲ್ಲವನ್ನೂ ಹೇಳಿದೆ. ಅವಳು ಬಾಯಿ ಅರ್ಧ ತೆರೆದು ಕೇಳಿದಳು.

‘ನಂಗೆ ಗೊತ್ತೇ ಇರ್ಲಿಲ್ಲ’ ಎಂದಳು. ‘ನಿಜವಾಗ್ಲೂ. ನಿಮ್ಮ ಹೆಸರು ಮೊದಲಿಂದ ಇದೇ ಅಂದ್ಕೊಂಡಿದ್ದೆ. ನನ್ನ ಕೇಳಿದ್ರೆ ಇಟ್ಕೊಳ್ಲಿ ಬಿಡಿ ಅಂತಿದ್ದೆ. ನಂಗೇನಾಗ್ಬೇಕಿತ್ತು?’

ಅವಳ ಮಾತು ಸುಳ್ಳಾಗಿರಲಿಲ್ಲ, ಹಾಲಿನ ಲೋಟದ ಆ ದಿನ ಅವಳ ನೆನಪಿನಲ್ಲೇ ಉಳಿದಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಯಾರ ಪರವಾಗಿ ಆ ಮನೆಯವರು ಆ ಹೆಸರನ್ನು ಅಷ್ಟು ವರ್ಷ ಕಾದರೋ, ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಸೊಂಟದ ಮೇಲಿನ ಮಗು ಅಳತೊಡಗಿತು. ಅದನ್ನು ಸಮಾಧಾನ ಮಾಡುತ್ತಾ ಅವಳು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು, ‘ನಿಮ್ಮಮ್ಮ ಈಗೆಲ್ಲಾದ್ರೂ ಕೆಲಸಕ್ಕೆ ಹೋಗ್ತಿದಾರಾ? ನಂಗೆ ಎರಡೂ ಚಿಕ್ಕ ಮಕ್ಕಳು, ಒಬ್ಬಳಿಗೇ ಆಗ್ತಿಲ್ಲ. ಅವರಾದ್ರೆ ನಂಬಿಕೆ. ಸ್ವಲ್ಪ ಕೇಳಿ ನೋಡ್ತೀರಾ?’

‘ಅವ್ವನಿಗೆ ಮಂಡಿ ನೋವು’ ಎಂದೆ.

‘ಪಾಪ’ ಎಂದಳು. ಬಸ್ಸಿಗೆ ಹೊತ್ತಾಯಿತು ಎಂದು ನಾನು ಚೀಲ ಎತ್ತಿಕೊಂಡೆ.

ಮನೆಗೆ ಬಂದಾಗ ಅವ್ವ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಯಾಕೆ ಹೊತ್ತಾಯಿತು ಎಂದು ಕೇಳಿದಳು. ಜಯನಗರದ ಮಗು ಸಿಕ್ಕಿತ್ತು, ಎರಡು ಮಕ್ಕಳಾಗಿವೆ ಎಂದಷ್ಟೇ ಹೇಳಿದೆ. ಅವಳ ಮುಖ ಅರಳಿತು. ‘ಸಂದಾಗದಾ? ನನ್ನ ಕೇಳ್ತಾ?’ ಎಂದಳು.

ಕೇಳಿತು ಎಂದೆ. ಯಾತಕ್ಕೆ ಕೇಳಿತು ಎಂದು ಹೇಳಲಿಲ್ಲ. ಹೇಳಿದ್ದರೆ ಆ ಮಂಡಿ ಎಳೆದುಕೊಂಡು ಮರುದಿನವೇ ಜೆ.ಪಿ. ನಗರಕ್ಕೆ ಹೊರಟುಬಿಡುತ್ತಾಳೇನೋ ಎಂಬ ಭಯ ನನಗಿತ್ತು.